ಗಡಿಕಲ್ಲಿನ ಮೇಲೆ ಕೊಡೆ ಅಂಗಡಿ

ರಜಬ್ ಅಲಿ ಸಾಹೇಬರನ್ನು ಸಂತೆಗೆ ತಂದು ನಿಲ್ಲಿಸಿದರೆ ಮೊದಲ ಗಿರಾಕಿ ಒಂದು ಸುತ್ತು ಹಾಕಿ ನೋಡಿ ಮುಂದಿನ ಅಂಗಡಿಗೆ ಹೋದಾನು. ಮಾಲು ಹಳೆಯದು, ಅರವತ್ತೆರಡು ಮಳೆಗಾಲ ಕಂಡದ್ದು. ತೂಕ ಕಡಿಮೆ, ನೆಂದ ಕಂಬಳಿ ಸೇರಿಸಿ ತೂಗಿದರೂ ಐದು ಮಣ ದಾಟುವುದಿಲ್ಲ. ಬೆನ್ನು ಬಾಗಿದೆ. ಎಡಗಿವಿ ಕೇಳಿಸುವುದಿಲ್ಲ ಎಂದು ಅವರೇ ಹೇಳುತ್ತಾರೆ; ಕೂಲಿ ಸ್ವಲ್ಪ ಕಡಿಮೆ ಮಾಡಿ ಎಂಬ ಮಾತು ಬಲಗಿವಿಗೂ ಕೇಳಿಸುವುದಿಲ್ಲ ಎಂಬುದನ್ನು ಮೂಡಿಗೆರೆ ಪೇಟೆಯವರು ಕಂಡುಕೊಂಡಿದ್ದಾರೆ. ಇವು ಕುಂದುಗಳು. ಇನ್ನು ಗುಣ ನೋಡೋಣ. ಬೂಸ್ಟು ಹಿಡಿಯುವುದಿಲ್ಲ. ಹುಳು ಬೀಳುವುದಿಲ್ಲ. ಆಷಾಢದ ಚಳಿಯಲ್ಲೂ ಕೈ ನಡುಗುವುದಿಲ್ಲ. ಬಾಯಿ ಹೆಚ್ಚು ಬಳಸಿಲ್ಲವಾದ್ದರಿಂದ ಹೊಸದರಂತೆಯೇ ಇದೆ. ಇನ್ನೊಬ್ಬರ ವಸ್ತು ತನ್ನ ಹತ್ತಿರ ಇದ್ದಷ್ಟು ದಿನ ಸರಿಯಾಗಿ ನಿದ್ದೆ ಬರುವುದಿಲ್ಲ ಎಂಬ ಒಂದು ಕಾಯಿಲೆಯೂ ಇದೆ. ವ್ಯಾಪಾರದವರು ಇದನ್ನು ಕುಂದಿನ ಕಡೆಗೆ ಸೇರಿಸುತ್ತಾರೆ.

ಕಸುಬು ಕೊಡೆ ರಿಪೇರಿ. ಹರೆಯದಲ್ಲಿ ಚೀಲ ಹೆಗಲಿಗೆ ಹಾಕಿಕೊಂಡು ಒಂದು ಕಡೆ ಕಳಸ, ಹೊರನಾಡಿನವರೆಗೂ, ಇನ್ನೊಂದು ಕಡೆ ಚಿಕ್ಕಮಗಳೂರು ದಾಟಿ ಮಲ್ಲಂದೂರಿನವರೆಗೂ ಮನೆಮನೆ ನಡೆದವರು. ಕಾಲು ಸೋತ ಮೇಲೆ ಮೂಡಿಗೆರೆಯ ಅಂಚಿನಲ್ಲಿ, ಕಾಫಿ ತೋಟದ ಮಾಲೀಕರಾದ ಸೋಮಶೇಖರಪ್ಪನವರ ಮಳಿಗೆಯೊಂದನ್ನು ಬಾಡಿಗೆಗೆ ಹಿಡಿದು ಕೂತರು. ಅಗಲ ಎಂಟು ಅಡಿ, ಉದ್ದ ಇಪ್ಪತ್ತು ಅಡಿ, ಬಾಗಿಲು ಒಂದೇ, ಕಿಟಕಿ ಇಲ್ಲ. ನಡುನೆಲದಲ್ಲಿ ಒಂದು ಚೌಕದ ಕಲ್ಲು ಗೇಣುದ್ದ ತಲೆ ಎತ್ತಿ ನಿಂತಿತ್ತು. ಕಟ್ಟಿದ ಗಾರೆಯವನಿಗೆ ಕೀಳಲು ಸೋಮಾರಿತನ ಬಂದು ಬಿಟ್ಟಿರಬೇಕು ಎಂದುಕೊಂಡು ರಜಬ್ ಅಲಿ ಅದರ ಮೇಲೆ ಕೊಡೆಯ ಕಡ್ಡಿ ಇಟ್ಟು ಬಡಿದು ನೆಟ್ಟಗೆ ಮಾಡುತ್ತಿದ್ದರು. ಹತ್ತೊಂಬತ್ತು ವರ್ಷ ಹಾಗೆ ಬಡಿದರು.

ಈ ಅಂಗಡಿಗೆ ಒಂದು ಪದ್ಧತಿ ಇತ್ತು. ಮಳೆಗಾಲ ಮುಗಿದ ಮೇಲೆ ಜನ ಕೊಡೆಯನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಅಟ್ಟದ ಮೇಲೆ ಇಟ್ಟರೆ ಇಲಿ ಬಟ್ಟೆ ಕಡಿಯುತ್ತದೆ, ಒಲೆಯ ಹೊಗೆಗೆ ದಾರ ಲಡ್ಡಾಗುತ್ತದೆ. ಅದಕ್ಕೆ ಶ್ರಾವಣ ಕಳೆದ ಕೂಡಲೇ ಕೊಡೆಯನ್ನು ತಂದು ಸಾಹೇಬರಿಗೆ ಒಪ್ಪಿಸುವುದು. ದೂರದವರು ಬಸ್ಸಿನವನ ಕೈಯಲ್ಲಿ ಕಳಿಸುವುದು. ಬೇಸಿಗೆಯಲ್ಲಿ ಅವರು ಬಿಡುವಾಗಿ ರಿಪೇರಿ ಮಾಡಿಡುವುದು. ಮುಂಗಾರಿಗೆ ಮುಂಚೆ ಬಂದು ಬಿಡಿಸಿಕೊಂಡು ಹೋಗುವುದು. ನೂರ ನಲವತ್ತು ಕೊಡೆ, ಎಲ್ಲವೂ ಕಪ್ಪು. ಸಾಹೇಬರಿಗೆ ಓದು ಬರಹ ಬಾರದು, ಚೀಟಿ ಕಟ್ಟುವ ಪದ್ಧತಿಯೂ ಇಲ್ಲ. ಆದರೆ ಸೂರಿನ ಕೆಳಗೆ ಬಾಗಿಲಿನಿಂದ ಹಿಂಗೋಡೆಯವರೆಗೆ ಮೂರು ಬಿದಿರ ಗಳ ಕಟ್ಟಿದ್ದರು. ಒಂದು ಗಳ ಕಳಸದ ದಾರಿ, ಒಂದು ಚಿಕ್ಕಮಗಳೂರಿನ ದಾರಿ, ನಡುವಿನದು ಮೂಡಿಗೆರೆ ಪೇಟೆ. ದಾರಿಯಲ್ಲಿ ಮೊದಲು ಸಿಗುವ ಮನೆಯ ಕೊಡೆ ಮೊದಲ ಮೊಳೆಗೆ, ಎರಡನೆಯದು ಎರಡನೆಯದಕ್ಕೆ. ಹೀಗೆ ಒಂದು ಗಳದ ತುದಿಗೆ ಹೊರನಾಡಿನ ಭಟ್ಟರು, ಇನ್ನೊಂದರ ತುದಿಗೆ ಮಲ್ಲಂದೂರಿನ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಯಾರಾದರೂ ಬಂದು ಹೆಸರು ಹೇಳಿದರೆ ಸಾಹೇಬರು ಕಣ್ಣು ಮುಚ್ಚಿ ಆ ದಾರಿಯಲ್ಲಿ ಒಂದಷ್ಟು ದೂರ ನಡೆದು, ಕಣ್ಣು ಬಿಟ್ಟು, ಕೋಲೆತ್ತಿ ಕೊಡೆ ಇಳಿಸುತ್ತಿದ್ದರು. ತಪ್ಪಿದ್ದನ್ನು ಕಂಡವರಿಲ್ಲ.

ಯುದ್ಧದ ವರ್ಷಗಳು. ಸೀಮೆಎಣ್ಣೆಗೆ ರೇಷನ್ನು, ಬಟ್ಟೆಗೆ ರೇಷನ್ನು, ಕೊನೆಗೆ ಬಾಡಿಗೆಗೂ ಒಂದು ಕಂಟ್ರೋಲು ಹುಕುಂ ಬಂತು. ಅದೇ ಹೊತ್ತಿಗೆ ಪೇಟೆಯ ಒಬ್ಬ ಏಲಕ್ಕಿ ವ್ಯಾಪಾರಿಗೆ ಗೋದಾಮು ಬೇಕಾಯಿತು. ಕಿಟಕಿ ಇಲ್ಲದ ಕಟ್ಟಡವೇ ಏಲಕ್ಕಿಗೆ ಒಳ್ಳೆಯದು, ಘಮ ಹೊರಗೆ ಹೋಗುವುದಿಲ್ಲ. ಅವನು ಸೋಮಶೇಖರಪ್ಪನವರ ಜಗಲಿಯಲ್ಲಿ ಕಾಫಿ ಕುಡಿಯುತ್ತ, ಕೊಡೆ ಅಂಗಡಿ ಖಾಲಿಯಾದರೆ ಮೂರು ಪಟ್ಟು ಬಾಡಿಗೆ ಕೊಡುತ್ತೇನೆ ಎಂದು, ಹವಾಮಾನದ ಸುದ್ದಿ ಹೇಳಿದಂತೆ ಹೇಳಿ ಎದ್ದು ಹೋದ. ಸೋಮಶೇಖರಪ್ಪನವರು ಕೆಟ್ಟವರಲ್ಲ. ಆದರೆ ಮೂರು ಪಟ್ಟು ಎಂಬ ಮಾತು ಕಿವಿಗೆ ಬಿದ್ದ ಮೇಲೆ ಒಂದು ಪಟ್ಟಿನ ಮೇಲೆ ಕೂತ ಮನುಷ್ಯ ಕಣ್ಣಿಗೆ ಬಿದ್ದ ಕಸದಂತೆ ಕಾಣತೊಡಗುತ್ತಾನೆ. ಅವರು ಚಿಕ್ಕಮಗಳೂರಿಗೆ ಹೋಗಿ ವಕೀಲ ಓಂಕಾರಮೂರ್ತಿಯವರನ್ನು ಕಂಡರು.

ವಕೀಲರು ವಿಷಯವನ್ನು ಎರಡು ಅಂಗೈ ಮೇಲೆ ಇಟ್ಟು ತೋರಿಸಿದರು. ಈ ಅಂಗೈ ಊರಿನ ಗಡಿಯೊಳಗಿನ ಅಂಗಡಿ. ಇದಕ್ಕೆ ಹುಕುಮಿನ ರಕ್ಷಣೆ ಉಂಟು. ತಾಲ್ಲೂಕಿನ ಅಮಲ್ದಾರರ ಅಪ್ಪಣೆ ಇಲ್ಲದೆ ಬಾಡಿಗೆದಾರನನ್ನು ಅಲ್ಲಾಡಿಸುವಂತಿಲ್ಲ. ಬಾಡಿಗೆ ನಿಲ್ಲಿಸಿರಬೇಕು, ಕಟ್ಟಡ ಕೆಡಿಸಿರಬೇಕು, ಇಲ್ಲವೇ ಕದ್ದು ಇನ್ನೊಬ್ಬನಿಗೆ ಒಳಬಾಡಿಗೆಗೆ ಕೊಟ್ಟಿರಬೇಕು. ಆ ಅಂಗೈ ಗಡಿಯಾಚೆಯ ಅಂಗಡಿ. ಇದಕ್ಕೆ ರಕ್ಷಣೆ ಇಲ್ಲ. ತಿಂಗಳ ಕೊನೆಗೆ ಮುಗಿಯುವ ಹಾಗೆ ಹದಿನೈದು ದಿನದ ನೋಟೀಸು ಕೊಟ್ಟರೆ ಸಾಕು, ಕಾರಣ ಕೇಳುವವರಿಲ್ಲ.

"ನಿಮ್ಮದು ಯಾವ ಕೈ?" ಎಂದು ವಕೀಲರು ಕೇಳಿದರು.

ಸೋಮಶೇಖರಪ್ಪನವರು ಎರಡು ಕೈಯನ್ನೂ ನೋಡಿದರು. "ಕಂದಾಯ ಕಟ್ಟುವಾಗ ಊರಾಚೆ ಅಂದಿದ್ದೀನಿ. ಬೀದಿ ದೀಪ ಕೇಳುವಾಗ ಊರೊಳಗೆ ಅಂದಿದ್ದೀನಿ."

ಹಾಗಾಗಿ ಗಡಿಕಲ್ಲು ಹುಡುಕಬೇಕಾಯಿತು. ಸರ್ವೆಯವರು ಸರಪಳಿ ಹಿಡಿದು ಬಂದರು. ಶ್ರಾವಣದ ಜಡಿಮಳೆ. ಮೂರು ದಿನ ಲಂಟಾನ ಕಡಿದರು, ಚರಂಡಿ ತೋಡಿದರು, ಒಂದು ಹಳೇ ಬೀಸುವ ಕಲ್ಲು ಸಿಕ್ಕಿತು, ಗಡಿಕಲ್ಲು ಸಿಗಲಿಲ್ಲ. ಮೂರು ದಿನವೂ ಅವರ ತಲೆಯ ಮೇಲೆ ಕೊಡೆ ಹಿಡಿದು ಹಿಂದೆ ಹಿಂದೆ ನಡೆದವರು ರಜಬ್ ಅಲಿ. ನೆನೆಯುವ ಮನುಷ್ಯನನ್ನು ನೋಡುತ್ತ ಕೂರುವುದು ಅವರ ಕಸುಬಿಗೆ ಒಗ್ಗದ ಕೆಲಸ. ಹುಡುಕುತ್ತಿರುವುದು ಯಾಕೆ ಎಂದು ಅವರಿಗೆ ಗೊತ್ತಿತ್ತೇ ಎಂದರೆ, ಗೊತ್ತಿತ್ತು. ಸರ್ವೆಯವರೇ ಹೇಳಿದ್ದರು. ಅವರು ಹೇಳಿದ್ದು ಎಡಗಿವಿಯ ಕಡೆಯಿಂದ ಇರಬಹುದು.

ಮೂರನೆಯ ದಿನ ಸಂಜೆ ಸರ್ವೆಯವರು ಸೋತು ಅಂಗಡಿಯ ಹೊರಗಿನ ಬೆಂಚಿನ ಮೇಲೆ ಕೂತು ಸೀನತೊಡಗಿದಾಗ ಸಾಹೇಬರು ಕೇಳಿದರು, "ಆ ಕಲ್ಲು ನೋಡಕ್ಕೆ ಹೇಗಿರ್ತದೆ ಸ್ವಾಮಿ?"

"ಚೌಕ ಇರ್ತದೆ. ಇಷ್ಟು ಎತ್ತರ. ತಲೆ ಮೇಲೆ ಬಾಣದ ಗುರುತು ಇರ್ತದೆ."

ಸಾಹೇಬರು ತಮ್ಮ ಕಾಲ ಬುಡಕ್ಕೆ ನೋಡಿದರು. ಆಮೇಲೆ ಸರ್ವೆಯವರ ಮೂಗು ನೋಡಿದರು. ಸೀನು ನಿಂತಿರಲಿಲ್ಲ. "ಗುರುತು ಇಲ್ಲ," ಎಂದರು. "ಬಾಕಿ ಎಲ್ಲಾ ಇದೆ. ಒಳಗೆ ಬನ್ನಿ."

ಅಳೆದು ನೋಡಿದರೆ ಬಾಗಿಲಿಂದ ಕಲ್ಲಿನವರೆಗೆ ಒಂಬತ್ತು ಅಡಿ ಊರೊಳಗೆ, ಕಲ್ಲಿನಿಂದ ಹಿಂಗೋಡೆಗೆ ಹನ್ನೊಂದು ಅಡಿ ಊರಾಚೆ. ಓಂಕಾರಮೂರ್ತಿಯವರು ತಮ್ಮ ವೃತ್ತಿಯಲ್ಲಿ ಇಂಥ ಅಂಗಡಿ ಕಂಡಿರಲಿಲ್ಲ. ಒಂದು ದಿನ ಯೋಚಿಸಿ, ಸಂತೋಷದಿಂದಲೇ, ಹನ್ನೊಂದು ಅಡಿಗೆ ಮಾತ್ರ ಹದಿನೈದು ದಿನದ ನೋಟೀಸು ಬರೆದರು.

ನೋಟೀಸನ್ನು ರಜಬ್ ಅಲಿ ಓದಿಸಿಕೊಂಡದ್ದು ಆ ಏಲಕ್ಕಿ ವ್ಯಾಪಾರಿಯ ಹತ್ತಿರವೇ. ಹತ್ತಿರದಲ್ಲಿ ಕನ್ನಡಕ ಇದ್ದವನು ಅವನೊಬ್ಬನೇ. ಅವನು ಗಂಟಲು ಸರಿಮಾಡಿಕೊಂಡು ಸ್ಪಷ್ಟವಾಗಿ ಓದಿದ, ಅರ್ಥವನ್ನೂ ಬಿಡಿಸಿ ಹೇಳಿದ. ಮುಂದಿನ ಒಂಬತ್ತು ಅಡಿಗೆ ನಿಮ್ಮನ್ನು ಕಾಯಲು ಸರ್ಕಾರ ಇದೆ, ಹಿಂದಿನ ಹನ್ನೊಂದಕ್ಕೆ ಯಾರೂ ಇಲ್ಲ, ತಿಂಗಳ ಕೊನೆಗೆ ಬಿಡಬೇಕು ಎಂದ. ಸಾಹೇಬರು ನೋಟೀಸು ಮಡಚಿ ಜೇಬಿಗಿಟ್ಟು, ನಿಮಗೆ ತೊಂದರೆಯಾಯಿತು ಎಂದು ಅವನ ಕೊಡೆಯ ಸಡಿಲವಾದ ಹಿಡಿಯನ್ನು ಬಿಗಿ ಮಾಡಿ ಕೊಟ್ಟು ಹೋದರು.

ಮನೆಯಲ್ಲಿ ಹೆಂಡತಿ ಸಾಬೀರಾ ಬೇರೆ ಕಡೆ ಅಂಗಡಿ ನೋಡಿ ಎಂದಳು. ಬೇರೆ ಅಂಗಡಿ ಸಿಗದ ಮಾತಲ್ಲ. ಬೇರೆ ಸೂರು ಸಿಗುವುದಿಲ್ಲ. ಮೂರು ಗಳ ಬಿಚ್ಚಿದ ದಿನ ತಾನು ನಡೆದ ದಾರಿಯೆಲ್ಲ ಬಿಚ್ಚಿಹೋಗುತ್ತದೆ, ನೂರ ನಲವತ್ತು ಮನೆಯ ಮುಂದೆ ತಾನು ಕಳ್ಳನಾಗುತ್ತೇನೆ ಎಂಬುದು ಸಾಹೇಬರ ಭಯ. ಅದಕ್ಕೆ ತಿಂಗಳ ಕೊನೆಯ ವಾರ ಕೂತು ಮೊಳೆಗಳನ್ನೆಲ್ಲ ಕಿತ್ತು ಹತ್ತಿರ ಹತ್ತಿರ ಹೊಡೆದರು. ಇಪ್ಪತ್ತು ಅಡಿಯ ದಾರಿ ಒಂಬತ್ತು ಅಡಿಗೆ ಬಂತು. ಕಳಸವೂ ಮಲ್ಲಂದೂರೂ ಹನ್ನೊಂದು ಅಡಿ ಮೂಡಿಗೆರೆಗೆ ಹತ್ತಿರವಾದವು. ಕೊಡೆಗಳು ಬಾವಲಿಗಳ ಹಾಗೆ ಒಂದಕ್ಕೊಂದು ಒತ್ತಿಕೊಂಡು ತೂಗಿದವು. ಸಾಹೇಬರು ಕಣ್ಣು ಮುಚ್ಚಿ ಹೊಸ ದಾರಿಯಲ್ಲಿ ನಡೆದು ನೋಡಿದರು. ಹೆಜ್ಜೆ ಚಿಕ್ಕದಾಗಿ ಇಡಬೇಕು, ಅಷ್ಟೇ.

ಒಂದನೇ ತಾರೀಕು ಸೋಮಶೇಖರಪ್ಪನವರು ತಮ್ಮ ಹನ್ನೊಂದು ಅಡಿಯನ್ನು ವಶಪಡಿಸಿಕೊಳ್ಳಲು ಬಂದರು. ಬಂದ ಮೇಲೆ ತಿಳಿಯಿತು, ಅಲ್ಲಿಗೆ ಹೋಗಲು ಬಾಗಿಲು ಇರುವುದು ರಜಬ್ ಅಲಿಯ ಒಂಬತ್ತು ಅಡಿಯಲ್ಲಿ. ಹಿಂಗೋಡೆ ಒಡೆದು ಬಾಗಿಲು ಇಡೋಣವೆಂದರೆ ಆಚೆ ಪ್ರಪಾತ. ಸಾಹೇಬರು ಎದ್ದು, ದಾರಿ ಬಿಟ್ಟು, ತಲೆಗೆ ಕೊಡೆ ತಾಗದಂತೆ ಬಗ್ಗಿ ಬನ್ನಿ ಎಂದರು. ಮಾಲೀಕರು ಬಗ್ಗಿಕೊಂಡೇ ತಮ್ಮ ಆಸ್ತಿಗೆ ಹೋಗಿ, ಕತ್ತಲಲ್ಲಿ ಒಂದು ನಿಮಿಷ ನಿಂತು, ಬಗ್ಗಿಕೊಂಡೇ ವಾಪಸ್ಸು ಬಂದರು. ಏಲಕ್ಕಿ ವ್ಯಾಪಾರಿಗೆ ತೋರಿಸಿದರೆ ಅವನು ಅರ್ಧ ಗೋದಾಮು ಬೇಡ ಎಂದ.

ವಶ ತಪ್ಪಬಾರದೆಂದು ತೋಟದ ಆಳು ಭೂತಯ್ಯನನ್ನು ಕಾವಲಿಗೆ ಕೂರಿಸಿದರು. ಕಾಯಲು ಅಲ್ಲಿ ಏನೂ ಇರಲಿಲ್ಲ. ದಿನ ಬೆಳಗ್ಗೆ ಸಾಹೇಬರು ಬೀಗ ತೆಗೆದ ಮೇಲೆ ಭೂತಯ್ಯ ಒಳಗೆ ಹೋಗಿ ಕತ್ತಲಲ್ಲಿ ಕೂರುವುದು. ಅರ್ಧ ಗಂಟೆಗೆ ಬೇಜಾರಾಗಿ ಬಂದು ಗಡಿಕಲ್ಲಿನ ಪಕ್ಕ, ಬೆನ್ನು ಊರಾಚೆ, ಕಾಲು ಊರೊಳಗೆ ಚಾಚಿ ಕೂರುವುದು. ಮಧ್ಯಾಹ್ನ ಸಾಬೀರಾ ಕಳಿಸಿದ ಅಕ್ಕಿರೊಟ್ಟಿಯಲ್ಲಿ ಅವನಿಗೊಂದು ಪಾಲು. ಇಡೀ ದಿನ ಅವನು ಮಾತಾಡುತ್ತಿದ್ದ, ಸಾಹೇಬರು ಎಡಗಿವಿ ಕೊಟ್ಟು ಕೆಲಸ ಮಾಡುತ್ತಿದ್ದರು. ಇಬ್ಬರಿಗೂ ಹಿತವಾಗಿತ್ತು.

ಇದನ್ನು ಕೇಳಿದ ಓಂಕಾರಮೂರ್ತಿಯವರ ಕಣ್ಣು ಅರಳಿತು. ರಕ್ಷಣೆಯ ಭಾಗದಲ್ಲಿ ಹೊರಗಿನವನೊಬ್ಬ ದಿನಾ ಕೂರುತ್ತಾನೆ, ಕಾಲು ಚಾಚುತ್ತಾನೆ, ಊಟ ಮಾಡುತ್ತಾನೆ. ಇದು ಒಳಬಾಡಿಗೆಯಲ್ಲದೆ ಮತ್ತೇನು? ಅರ್ಜಿ ಹೋಯಿತು. ಅಮಲ್ದಾರರು ಎಲ್ಲರನ್ನೂ ಕರೆಸಿದರು. ಅಮಲ್ದಾರರು ಅರ್ಜಿ ಎರಡು ಸಲ ಓದಿ ಭೂತಯ್ಯನನ್ನು ಕೇಳಿದರು, "ನೀನು ಸಾಹೇಬರಿಗೆ ಬಾಡಿಗೆ ಏನು ಕೊಡ್ತೀಯೋ?"

"ನಾನೆಲ್ಲಿ ಕೊಡ್ಲಿ ಬುದ್ಧಿ. ಅವ್ರೇ ನಂಗೆ ರೊಟ್ಟಿ ಕೊಡ್ತಾರೆ."

"ನಿನ್ನನ್ನು ಅಲ್ಲಿ ಕೂರಿಸಿದ್ದು ಯಾರು?"

ಭೂತಯ್ಯ ಕೈ ಎತ್ತಿ ಸೋಮಶೇಖರಪ್ಪನವರನ್ನು ತೋರಿಸಿದ. ಅರ್ಜಿ ಅಲ್ಲಿಗೆ ಬಿದ್ದುಹೋಯಿತು.

ಹೊರಗೆ ಬಂದ ಮೇಲೆ ವಕೀಲರು ಬೇಸರದಲ್ಲಿ ಹೇಳಿದರು, ಇನ್ನು ಉಳಿದಿರುವುದು ಒಂದೇ ದಾರಿ. ಬಾಡಿಗೆದಾರ ತಾನಾಗಿ ಬೀಗದ ಕೈ ತಂದು ಮಾಲೀಕನ ಕೈಗೆ ಒಪ್ಪಿಸಿಬಿಟ್ಟರೆ ಯಾವ ಹುಕುಮೂ ಅವನನ್ನು ಕಾಯುವುದಿಲ್ಲ. ಬಾಡಿಗೆ ಅಲ್ಲಿಗೇ ಮುಗಿಯಿತು. "ಆದರೆ ಯಾವನು ಹಾಗೆ ತಂದುಕೊಡ್ತಾನೆ ಹೇಳಿ," ಎಂದು ನಕ್ಕರು.

ಸೋಮಶೇಖರಪ್ಪನವರು ನಗಲಿಲ್ಲ. ಆಯುಧಪೂಜೆಗೆ ಎಷ್ಟು ದಿನ ಇದೆ ಎಂದು ಬೆರಳು ಮಡಿಸಿದರು.

ವಿಷಯ ಇದು. ಸೋಮಶೇಖರಪ್ಪನವರಿಗೆ ನಾಲ್ಕು ಮಳಿಗೆ. ಪ್ರತಿ ವರ್ಷ ಆಯುಧಪೂಜೆಯ ದಿನ ನಾಲ್ಕೂ ಬಾಡಿಗೆದಾರರು ಅಂಗಡಿ ಮುಚ್ಚಿ, ಬೀಗದ ಕೈಯನ್ನು ವೀಳ್ಯದೆಲೆಯ ಮೇಲೆ ಇಟ್ಟು ಮಾಲೀಕರ ತಾಯಿ ರುದ್ರಾಣಮ್ಮನವರಿಗೆ ಕೊಡುತ್ತಿದ್ದರು. ಅಮ್ಮ ಅವುಗಳನ್ನು ದೇವರ ಮುಂದೆ ಇಟ್ಟು ಪೂಜೆ ಮಾಡಿ, ಮಾರನೆ ದಿನ ಬೆಳಗ್ಗೆ ಅರ್ಧ ಹೋಳು ತೆಂಗಿನಕಾಯಿ, ಮಂಡಕ್ಕಿಯ ಜೊತೆ ವಾಪಸ್ಸು ಕೊಡುತ್ತಿದ್ದರು. ರಜಬ್ ಅಲಿಯ ಕೀಲಿ ಹತ್ತೊಂಬತ್ತು ಸಲ ಹಾಗೆ ಹೋಗಿ ಬಂದಿತ್ತು.

ಆ ವರ್ಷ ಕೊಡಬೇಡಿ ಎಂದು ಹೇಳದವರಿಲ್ಲ. ಸಾಬೀರಾ ಹೇಳಿದಳು. ಪಕ್ಕದ ಮಳಿಗೆಯವರು ಹೇಳಿದರು. ಭೂತಯ್ಯನೇ, ತನ್ನ ಕೆಲಸ ಹೋದರೂ ಹೋಗಲಿ ಎಂದು, ಬಲಗಿವಿಯ ಕಡೆ ಬಂದು ಕೂತು ಹೇಳಿದ. "ಕೊಟ್ರೆ ಮುಗೀತು ಮಾರಾಯ್ರೇ. ಕಾಯಿಲೆ ಅಂತ ಹೇಳಿ ಮನೇಲಿ ಮಲಗ್ಬಿಡಿ."

"ಅಮ್ಮಾವ್ರು ಪೂಜೆಗೆ ಕೇಳ್ತಾರೆ ಭೂತಯ್ಯ," ಎಂದರು ರಜಬ್ ಅಲಿ. "ಅವ್ರು ಅಂಗಡಿ ಕೇಳ್ತಿಲ್ಲ."

ಕೊಟ್ಟರು. ರುದ್ರಾಣಮ್ಮನವರು ಎಂದಿನಂತೆ ಕಿವಿ ಹೇಗಿದೆ ಎಂದು ವಿಚಾರಿಸಿ, ಕೀಲಿಗೆ ಅರಿಶಿನ ಕುಂಕುಮ ಹಚ್ಚಿ ಇಟ್ಟುಕೊಂಡರು. ಮಾರನೆ ದಿನ ಮೂರು ಜನಕ್ಕೆ ಕೀಲಿ, ಕಾಯಿ ಹೋಳು ಸಿಕ್ಕಿತು. ನಾಲ್ಕನೆಯವರ ಸರದಿಗೆ ಸೋಮಶೇಖರಪ್ಪನವರು ಜಗಲಿಗೆ ಬಂದು, ಕಂಬಕ್ಕೆ ಹೇಳುವ ಹಾಗೆ ಹೇಳಿದರು. "ನೀವಾಗೇ ಕೊಟ್ಟಿದ್ದು ಸಾಹೇಬ್ರೇ. ಮೂರು ಜನ ನೋಡಿದ್ದಾರೆ. ಇಲ್ಲಿಗೆ ಮುಗೀತು ಅಂತ ವಕೀಲರ ಅಭಿಪ್ರಾಯ."

ರಜಬ್ ಅಲಿ ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ, "ಕೊಡೆ?" ಎಂದು ಕೇಳಿದರು.

"ಕೊಡೆಗೆ ಏನಾಗ್ತದೆ. ಜೋಪಾನವಾಗಿ ಇಡಿಸ್ತೀನಿ."

ಜೋಪಾನವಾಗಿಯೇ ಇಡಿಸಿದರು. ಅಂದೇ ಬೀಗ ತೆಗೆಸಿ, ಏಲಕ್ಕಿ ಮೂಟೆಗೆ ಜಾಗ ಆಗಬೇಕೆಂದು ನೂರ ನಲವತ್ತು ಕೊಡೆಯನ್ನೂ ಮೊಳೆಯಿಂದ ಇಳಿಸಿ, ಉದ್ದದ್ದು ಒಂದು ಕಡೆ, ಗಿಡ್ಡದ್ದು ಒಂದು ಕಡೆ ಮಾಡಿ, ಹತ್ತು ಹತ್ತರ ಕಟ್ಟು ಕಟ್ಟಿ, ಸೌದೆಯಂತೆ ಒಟ್ಟಿ, ನೆಲ ಗುಡಿಸಿ ನೀರು ಚಿಮುಕಿಸಿದರು. ಅಂಗಡಿ ಅಷ್ಟು ಅಚ್ಚುಕಟ್ಟಾಗಿ ಹಿಂದೆಂದೂ ಇರಲಿಲ್ಲ. ಎದುರಿನ ಮೋರಿ ಕಟ್ಟೆಯ ಮೇಲೆ ಸಾಮಾನಿನ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ರಜಬ್ ಅಲಿ, ಭೂತಯ್ಯ ಒಂದೊಂದು ಕೊಡೆ ಇಳಿಸುವಾಗಲೂ ಆ ಮನೆಯ ಹೆಸರು ಬಾಯೊಳಗೇ ಹೇಳುತ್ತಿದ್ದರು. ಹೊರನಾಡಿನ ಭಟ್ಟರು ಇಳಿದ ಮೇಲೆ ಮುಖ ತಿರುಗಿಸಿದರು.

ಹಿಂಗಾರು ಮಳೆ ಸಾಮಾನ್ಯವಾಗಿ ದೀಪಾವಳಿಯ ಹೊತ್ತಿಗೆ ಎರಡು ದಿನ ಬಂದು ಹೋಗುವುದು. ಆ ವರ್ಷ ದಸರೆ ಕಳೆದ ನಾಲ್ಕನೇ ದಿನಕ್ಕೇ ಬಂದದ್ದು ಹೋಗುವುದನ್ನು ಮರೆಯಿತು. ಕೊಡೆ ಒಪ್ಪಿಸಿ ನಿಶ್ಚಿಂತೆಯಾಗಿದ್ದ ನೂರ ನಲವತ್ತು ಮನೆಯವರು ಗೋಣಿಚೀಲ ತಲೆಗೆ ಹಾಕಿಕೊಂಡು ಓಡಿಬಂದರು. ಬಂದವರೆಲ್ಲ ಮೊದಲು ಮೋರಿ ಕಟ್ಟೆಗೆ ಹೋಗಿ ಸಾಹೇಬರನ್ನು ಕೇಳಿದರು.

"ಒಳಗಿದೆ," ಎಂದರು ಸಾಹೇಬರು.

"ತೆಗೆದುಕೊಡಿ ಮತ್ತೆ."

"ಒಳಗೆ ಹೋಗಕ್ಕೆ ನಾನೀಗ ಯಾರು?"

ಅವರು ಚುಚ್ಚಿ ಹೇಳಿದ್ದಲ್ಲ. ನಿಜವಾಗಿ ಗೊತ್ತಿಲ್ಲದೆ ಕೇಳಿದ್ದು. ಜನ ಅಂಗಡಿಗೆ ನುಗ್ಗಿದರು. ಬೀಗದ ಕೈ ಯಾರ ಹತ್ತಿರವೋ ಕೊಡೆಯ ಹೊಣೆ ಅವರದ್ದು ಎಂದು ಸೋಮಶೇಖರಪ್ಪನವರ ಕುತ್ತಿಗೆಗೆ ಕೂತರು. ಅವರು ಮೊದಲ ದಿನ, ಬಂದವರು ತಮ್ಮ ತಮ್ಮದನ್ನು ಗುರುತಿಸಿ ತೆಗೆದುಕೊಳ್ಳಲಿ ಎಂದರು. ಆಗ ಒಂದು ವಿಚಿತ್ರ ಬೆಳಕಿಗೆ ಬಂತು: ಮೊದಲು ಬಂದ ಮೂವತ್ತು ಜನರ ಕೊಡೆಗಳೆಲ್ಲ ಒಳ್ಳೆಯವು, ಕೊನೆಗೆ ಬಂದವರದ್ದೆಲ್ಲ ಕಡ್ಡಿ ಮುರಿದವು. ಹೊರನಾಡಿನ ಭಟ್ಟರಿಗೆ ಎಸ್ಟೇಟಿನ ಬಿಳಿ ದೊರೆಯ ಹೆಂಡತಿಯ ಜಾಲರಿ ಕೊಡೆ ಸಿಕ್ಕಿತು. ಅವರು ಅದನ್ನು ಹಿಡಿದುಕೊಂಡು ಕಳಸದವರೆಗೆ ಹೋಗಿ ಜನರ ಮುಖ ನೋಡಲಾರದೆ ಮಡಚಿ, ನೆಂದು, ಜ್ವರ ಬರಿಸಿಕೊಂಡರು. ಸ್ವತಃ ಅಮಲ್ದಾರರ ಕೊಡೆ ಒಬ್ಬ ಹಂದಿ ಬೇಟೆಗಾರನ ಕೈಯಲ್ಲಿ ಕಾಣಿಸಿತು. ಎರಡನೇ ದಿನ ಹೊಡೆದಾಟ ಆಗಿ, ಬಾಗಿಲು ಹಾಕಬೇಕಾಯಿತು. ಏಲಕ್ಕಿ ಮೂಟೆ ಬಂದಿದ್ದು ಗಾಡಿಯಲ್ಲೇ ನಿಂತಿತ್ತು. ಅದರ ಮೇಲೆ ಹಿಡಿಯಲು ಕೊಡೆ ಇರಲಿಲ್ಲ.

ಸೋಮಶೇಖರಪ್ಪನವರು ನೆನೆದುಕೊಂಡೇ ವಕೀಲರಿಗೆ ಆಳು ಕಳಿಸಿದರು. ರಜಬ್ ಅಲಿಯನ್ನು ಒಳಗೆ ಕರೆಸಿ ಕೊಡೆ ವಿಂಗಡಿಸಬೇಕು, ಆದರೆ ಬಾಡಿಗೆದಾರ ಆಗಬಾರದು, ಏನೆಂದು ಕರೆಯುವುದು? ಓಂಕಾರಮೂರ್ತಿಯವರು ನಾಲ್ಕು ಪುಟ ಬರೆದು ಕಳಿಸಿದರು. ಸಂಬಳದ ಆಳಾಗಿ ಕರೆಯಬಹುದು. ಸಾಹೇಬರು, ಈ ವಯಸ್ಸಿನಲ್ಲಿ ಆಳಾಗಲಾರೆ ಎಂದರು. ನೆಂಟನಾಗಿ ಕರೆಯಬಹುದು. ನೆಂಟರ ಮನೆಯಲ್ಲಿ ಕೆಲಸ ಮಾಡುವುದು ಸರಿಯಲ್ಲ ಎಂದರು. ದಿನಕ್ಕೆ ಇಷ್ಟು ಹೊತ್ತು ಎಂದು ಅಪ್ಪಣೆ ಚೀಟಿ ಕೊಡಬಹುದು. ಕೊಡೆ ಸರಿಯಾಗಿ ವಿಂಗಡಿಸಬೇಕಾದರೆ ಒಂದೊಂದನ್ನೂ ಬಿಚ್ಚಿ, ಕಲ್ಲಿನ ಮೇಲೆ ಇಟ್ಟು ನೋಡಿ, ಅದರ ಮೊಳೆಗೇ ತೂಗುಹಾಕಬೇಕು. ಮೊಳೆ ಚೀಟಿಯ ಮೇಲೆ ನಿಲ್ಲುವುದಿಲ್ಲ ಎಂದರು. ವಿರೋಧಕ್ಕಾಗಿ ಹೇಳಿದ ಮಾತಲ್ಲ. ಅಂಗಡಿ ಇಲ್ಲದೆ ಅಂಗಡಿಯ ಕೆಲಸ ಹೇಗೆ ಮಾಡುವುದೆಂದು ಅವರಿಗೆ ತಿಳಿಯದು.

ಪೂಜೆ ಆದ ಹನ್ನೆರಡನೆಯ ದಿನ ರುದ್ರಾಣಮ್ಮನವರು ಮಗನಿಗೆ ಊಟ ಬಡಿಸುತ್ತ ಒಲೆಯ ಮೇಲಿನ ಹಲಗೆ ತೋರಿಸಿದರಂತೆ. ಪೂಜೆಯ ನಾಲ್ಕನೇ ಹೋಳು ಅಲ್ಲೇ ಇತ್ತು. ಕೊಡಬೇಕಾದದ್ದನ್ನು ಕೊಡದೆ ಇಟ್ಟುಕೊಂಡರೆ ಅಡುಗೆಗೆ ಹಾಕುವ ಹಾಗಿಲ್ಲ, ಎಸೆಯುವ ಹಾಗೂ ಇಲ್ಲ, ನಾನೇನು ಮಾಡಲಿ ಎಂದು ಕೇಳಿದರಂತೆ. ಬಾಡಿಗೆ ವಿಷಯ ಅವರಿಗೆ ಗೊತ್ತಿರಲಿಲ್ಲ, ಹೇಳಿದ್ದರೆ ಕೇಳಿಸಿಕೊಳ್ಳುತ್ತಲೂ ಇರಲಿಲ್ಲ. ಸೋಮಶೇಖರಪ್ಪನವರು ಕೈ ತೊಳೆದು, ಹೋಳನ್ನೂ ಕೀಲಿಯನ್ನೂ ತಟ್ಟೆಯಲ್ಲಿಟ್ಟುಕೊಂಡು ಮಳೆಯಲ್ಲಿ ಮೋರಿ ಕಟ್ಟೆಗೆ ಬಂದರು.

ರಜಬ್ ಅಲಿ ಎದ್ದು ಮೊದಲು ಅವರ ತಲೆಯ ಮೇಲೆ ಕೊಡೆ ಹಿಡಿದರು. ಆಮೇಲೆ ಹೋಳನ್ನು ಎತ್ತಿ ಉಗುರಿನಿಂದ ತಟ್ಟಿ ನೋಡಿದರು. "ಇದು ಕೊಬ್ಬರಿ ಆಗಿದೆ ಧಣಿ."

"ಹನ್ನೆರಡು ದಿನ ಆಯ್ತಲ್ಲ ಸಾಹೇಬ್ರೇ."

"ಆಯ್ತು." ಕೊಬ್ಬರಿಯನ್ನು ಜೇಬಿಗಿಟ್ಟರು. "ಕೀಲಿ ಯಾವುದಕ್ಕೆ? ಒಂಬತ್ತು ಅಡಿಗೋ, ಹನ್ನೊಂದಕ್ಕೋ?"

ಸೋಮಶೇಖರಪ್ಪನವರು ಬೀಗ ನೋಡಿದರು, ಬಾಗಿಲು ನೋಡಿದರು, ಬಾಗಿಲ ಮುಂದೆ ನೆನೆಯುತ್ತ ನಿಂತ ಜನರನ್ನು ನೋಡಿದರು. "ಬೀಗ ಇರೋದು ಒಂದೇ ಮಾರಾಯ್ರೇ," ಎಂದರು.

ಹೀಗೆ ಸರಿಯಾದ ನೋಟೀಸಿನಿಂದ ಮುಗಿದಿದ್ದ ಹಿಂಭಾಗವೂ, ಪೂಜೆಯಿಂದ ಮುಗಿದಿದ್ದ ಮುಂಭಾಗವೂ ಒಂದು ಹೋಳು ಕೊಬ್ಬರಿಯ ಜೊತೆ ವಾಪಸ್ಸು ಬಂದವು. ಇದು ಹಳೆಯ ಬಾಡಿಗೆ ಮುಂದುವರಿದದ್ದೋ ಹೊಸದು ಹುಟ್ಟಿದ್ದೋ ಎಂದು ಓಂಕಾರಮೂರ್ತಿಯವರು ಇನ್ನೆರಡು ಪುಟ ಬರೆದು ಕಳಿಸಿದರು. ಅದನ್ನು ಯಾರೂ ಓದಿಸಿಕೊಳ್ಳಲಿಲ್ಲ.

ರಜಬ್ ಅಲಿ ಮೊದಲ ದಿನ ಮೊಳೆ ಕಿತ್ತು ಹಳೆಯ ಜಾಗಕ್ಕೆ ಹೊಡೆದರು. ಕಳಸ, ಮಲ್ಲಂದೂರು ಮತ್ತೆ ತಮ್ಮ ದೂರಕ್ಕೆ ಹೋದವು. ಆಮೇಲೆ ಕೊಡೆ ಬಿಚ್ಚಿದರು. ತುದಿ ಸವೆದಿದ್ದರೆ ಕೋಲಿನಂತೆ ಊರಿಕೊಂಡು ಏರು ಹತ್ತುವವನದ್ದು. ಬಲಗಡೆಯ ಕಡ್ಡಿ ಮಾತ್ರ ಬಾಗಿದ್ದರೆ ಹೆಂಡತಿಯ ಜೊತೆ ಒಂದೇ ಕೊಡೆಯಲ್ಲಿ ನಡೆಯುವವನದ್ದು. ಒಳಬಟ್ಟೆಗೆ ಬೀಡಿಯ ಹೊಗೆ ಹಿಡಿದಿದ್ದರೆ ಮೇಸ್ತ್ರಿಯದ್ದು. ಬಟ್ಟೆ ಹೊಸದಾಗಿದ್ದು ಹಿಡಿ ಬೆವರಿಗೆ ಕಪ್ಪಾಗಿದ್ದರೆ ಇದ್ದರೂ ಬಿಚ್ಚದ ಜಿಪುಣನದ್ದು. ಮೂರು ದಿನದಲ್ಲಿ ಉಳಿದದ್ದೆಲ್ಲ ಮೊಳೆಗೆ ಏರಿತು. ತಪ್ಪು ಕೊಡೆ ಒಯ್ದವರೂ ಸಾಹೇಬರು ಕೂತಿದ್ದಾರೆಂದು ತಿಳಿದ ಮೇಲೆ ಒಬ್ಬೊಬ್ಬರೇ ತಂದು, ಅವಸರದಲ್ಲಿ ಗೊತ್ತಾಗಲಿಲ್ಲ ಎಂದು ಹೇಳಿ ಬದಲಾಯಿಸಿಕೊಂಡು ಹೋದರು. ಅವರು ಯಾರನ್ನೂ ಏನೂ ಕೇಳಲಿಲ್ಲ.

ಎಲ್ಲ ಮುಗಿದಾಗ ಒಂದು ಮೊಳೆ ಬರಿದಾಗಿತ್ತು: ಚಿಕ್ಕಮಗಳೂರು ಗಳದ ಕೊನೆಯದು, ಮಲ್ಲಂದೂರಿನ ರೈಟರದ್ದು. ಬೆಳ್ಳಿಕಟ್ಟಿನ ಬೆತ್ತದ ಹಿಡಿ, ಹನ್ನೆರಡು ಕಡ್ಡಿ. ಪೇಟೆಯ ಗಳದಲ್ಲಿ ಹಿಡಿ ಬಿಗಿ ಮಾಡಿಸಿಕೊಂಡ ಒಂದು ಹಳೆಯ ಕೊಡೆ ಒಡೆಯನಿಲ್ಲದೆ ತೂಗುತ್ತಿತ್ತು. ಅದು ಯಾರದೆಂದು ರಜಬ್ ಅಲಿಗೆ ಗೊತ್ತಿಲ್ಲದೆ ಇರಲು ಸಾಧ್ಯವಿಲ್ಲ. ಅವರು ರೈಟರಿಗೆ ತಮ್ಮ ಸಾಮಾನಿನಿಂದಲೇ ಹೊಸ ಕೊಡೆ ಕಟ್ಟಿ, ಬಸ್ಸಿನವನ ಕೈಯಲ್ಲಿ ಕಳಿಸಿದರು. ಈಗಲೂ ಆ ಕಲ್ಲಿನ ಮುಂದೆ ಕೂತಿದ್ದಾರೆ. ಬೆಳ್ಳಿಕಟ್ಟಿನ ಕೊಡೆ ಹಿಡಿದವನು ಮುಂದೆ ಹಾದುಹೋದಾಗ ತಲೆ ಎತ್ತಿ, ಕೊಡೆಯನ್ನು ಮಾತ್ರ ನೋಡಿ, ಬಟ್ಟೆ ಎಲ್ಲೂ ಹರಿದಿಲ್ಲ ಎಂದು ಸಮಾಧಾನಪಟ್ಟು, ಕೆಲಸಕ್ಕೆ ತಲೆ ಬಗ್ಗಿಸುತ್ತಾರೆ.

ಆ ಏಲಕ್ಕಿ ವ್ಯಾಪಾರಿ ನಾನು. ರಜಬ್ ಅಲಿ ಸಾಹೇಬರಿಗೆ ನಾನು ಒಂದು ಕೊಡೆ ಕೊಡಬೇಕು.